ಶೇಕಡಾ ಲೆಕ್ಕದಲ್ಲಿ ‘ಗರಿಷ್ಠ ಎಷ್ಟು?’ ಎಂದು ಕೇಳಿದಾಗ

ಅಂಗಡಿಯವನು ಕೊಂಡ ಬೆಲೆಯ ಮೇಲೆ ಶೇ. 40 ಏರಿಸಿ ಬೆಲೆ ನಮೂದಿಸಿದ್ದಾನೆ. ನಷ್ಟವಾಗದಂತೆ ಗರಿಷ್ಠ ಎಷ್ಟು ರಿಯಾಯಿತಿ ಕೊಡಬಹುದು? ಅವಸರದವರು 40 ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಕೊಂಡ ಬೆಲೆ 100 ರೂಪಾಯಿ ಎಂದಿಟ್ಟುಕೊಳ್ಳಿ: ಏರಿಸಿದ್ದು 100ರ ಮೇಲೆ, ಇಳಿಸುವುದು 140ರ ಮೇಲೆ. ಬಿಟ್ಟುಕೊಡಬಹುದಾದದ್ದು 40 ರೂಪಾಯಿಯೇ ಹೌದು, ಆದರೆ ಅದು 140ರ ಶೇ. 28.57. ಪೂರ್ಣಸಂಖ್ಯೆಯಲ್ಲಿ ಕೇಳಿದ್ದರೆ ಉತ್ತರ 28. ಅಭ್ಯಾಸಬಲದಿಂದ 29 ಮಾಡಿದಿರೋ, ಮಾರಿದ ಬೆಲೆ 99.40ಕ್ಕೆ ಇಳಿದು ನಷ್ಟವಾಗುತ್ತದೆ. ಮಿತಿ ದಾಟಬಾರದು ಎಂಬ ಲೆಕ್ಕದಲ್ಲಿ ದಶಮಾಂಶ .99 ಇದ್ದರೂ ಕೆಳಗಿನ ಸಂಖ್ಯೆಯನ್ನೇ ಹಿಡಿಯಬೇಕು.

ಶೇ. 18 ಜಿಎಸ್‌ಟಿ ಸೇರಿ ಬಿಲ್ಲು 5,000 ದಾಟಬಾರದು ಎಂದಾಗಲೂ ಇದೇ ಎಡವಟ್ಟು. 5,000ದಲ್ಲಿ ಶೇ. 18 ಕಳೆದು 4,100 ಎನ್ನುವುದು ತಪ್ಪು. 1.18ರಿಂದ ಭಾಗಿಸಿ, 4,237 ರೂಪಾಯಿಯ ವಸ್ತುವನ್ನೂ ಕೊಳ್ಳಬಹುದು.

ಹೆಚ್ಚು ಜನ ತಿಣುಕಾಡುವುದು ಗುಂಪುಗಳ ಲೆಕ್ಕದಲ್ಲಿ. 120 ಅಭ್ಯರ್ಥಿಗಳ ಪೈಕಿ ಕನ್ನಡದಲ್ಲಿ ಶೇ. 75, ಸಾಮಾನ್ಯ ಜ್ಞಾನದಲ್ಲಿ ಶೇ. 60, ಕಂಪ್ಯೂಟರ್‌ನಲ್ಲಿ ಶೇ. 80 ಮಂದಿ ಪಾಸು. ಮೂರರಲ್ಲೂ ಪಾಸಾದವರು ಗರಿಷ್ಠ ಎಷ್ಟು? ಮೂರರಲ್ಲಿ ಚಿಕ್ಕದು 60; ಅದನ್ನು ಮೀರಲು ಸಾಧ್ಯವಿಲ್ಲ. 72 ಮಂದಿ, ಅಷ್ಟೇ. ಸರಿಯಾಗಿ ಎರಡೇ ವಿಷಯದಲ್ಲಿ ಪಾಸಾದವರು ಗರಿಷ್ಠ ಎಷ್ಟು ಎಂದು ಕೇಳಿದರೆ ಮಾತ್ರ ಕಷ್ಟ. ಇಲ್ಲಿ ಪಾಸಾದವರನ್ನು ಬಿಟ್ಟು ಫೇಲಾದವರನ್ನು ಎಣಿಸಿ: ಶೇ. 25, 40, 20, ಒಟ್ಟು ಶೇ. 85. ಎರಡರಲ್ಲಿ ಪಾಸು ಎಂದರೆ ಒಂದರಲ್ಲಿ ಮಾತ್ರ ಫೇಲು. ಅಂಥ ಒಬ್ಬೊಬ್ಬರಿಗೂ ಒಂದೊಂದು ಫೇಲು ಬೇಕು, ಇರುವುದೇ ಶೇ. 85. ಒಬ್ಬರ ಮೇಲೆ ಎರಡು ಬೀಳದಂತೆ ಹಂಚಿದರೆ ಶೇ. 85, ಅಂದರೆ 102 ಮಂದಿ. ಉಳಿದ 18 ಮಂದಿ ಮೂರರಲ್ಲೂ ಪಾಸು. ಮೂರರಲ್ಲೂ ಪಾಸಾದವರು ಕನಿಷ್ಠ ಎಷ್ಟು ಎಂದು ಕೇಳಿದರೂ ಉತ್ತರ ಅದೇ 18. ವೆನ್ ಚಿತ್ರ (ಗುಂಪುಗಳನ್ನು ಒಂದರೊಳಗೊಂದು ಹೆಣೆದ ವೃತ್ತಗಳಾಗಿ ತೋರಿಸುವ ಚಿತ್ರ) ಬಿಡಿಸಿ ಏಳು ಚಲಾಕ್ಷರ ಬರೆದುಕೊಂಡು ಕೂರುವ ಅಗತ್ಯವೇ ಇಲ್ಲ.

ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಲ್ಲಿ ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಶೇ. 90 ಕೈತಪ್ಪದಂತೆ ಗರಿಷ್ಠ ಎಷ್ಟು ಅಂಕ ಕಳೆದುಕೊಳ್ಳಬಹುದು? 625ರ ಶೇ. 10 ಎಂದರೆ 62.5, ಅಂಕ ಪೂರ್ಣಸಂಖ್ಯೆಯಾದ್ದರಿಂದ 62. ಇದನ್ನು 63 ಮಾಡಿದರೆ ಸಿಗುವುದು 562, ಅಂದರೆ ಶೇ. 89.92. ಆ 62 ಅಂಕವೂ ಗಣಿತದಲ್ಲೇ ಹೋಗಿ 38 ಬಂದರೂ ಮೊತ್ತ 563, ಶೇ. 90.08. ಆದರೆ ಆರು ವಿಷಯಗಳ ಶೇಕಡಾ ಕೂಡಿ ಆರರಿಂದ ಭಾಗಿಸುವವರಿಗೆ 89.67 ಬರುತ್ತದೆ. ಅದೇ 62 ಅಂಕ ಪ್ರಥಮ ಭಾಷೆಯಲ್ಲಿ ಹೋದರೆ ಅವರ ಲೆಕ್ಕ 91.73ಕ್ಕೆ ಜಿಗಿಯುತ್ತದೆ. ಒಟ್ಟು ಅಂಕ ಎರಡೂ ಕಡೆ 563 ಇರುವಾಗ ಉತ್ತರ ಎರಡಾದರೆ, ಭಾಗಿಸಬೇಕಿದ್ದದ್ದು 625ರಿಂದಲೇ ಎಂದು ಬೇರೆ ಹೇಳಬೇಕಿಲ್ಲ.