ಒದ್ದರೆ ಸಿಗುತ್ತದೆ ಅಂತ ಕಲಿಸಿದವರು ಯಾರು?

"ಮೊಬೈಲಿಂದಲೇ ಹಾಳಾದ, ಮೇಡಂ." ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ, ಕೂಗಾಡುವ, ಹೊಡೆಯುವ ಮಗನ ವಿಷಯಕ್ಕೆ ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಕನ್ನಡದ ತಂದೆತಾಯಿ ಸಾಮಾನ್ಯವಾಗಿ ಹೀಗೇ ಶುರು ಮಾಡುತ್ತಾರೆ. ಮೊಬೈಲಿನ ಪಾಲೇ ಇಲ್ಲ ಅನ್ನಲಾರೆ. ಆದರೆ ನಾನು ಮೊದಲು ಕೇಳುವುದು ಬೇರೆ: ಕೂಗಾಡಿದ ಮೇಲೆ ಹುಡುಗನಿಗೆ ಏನು ಸಿಕ್ಕಿತು?

ಹೊಡೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಎರಡು ಮೂರು ವರ್ಷದ ಮಕ್ಕಳು ಕಚ್ಚುವಷ್ಟು, ತಳ್ಳುವಷ್ಟು ದೊಡ್ಡ ಹುಡುಗರು ಮಾಡುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಇದನ್ನು ತೋರಿಸಿದರು. ಹೆಚ್ಚಿನವರು ಬೆಳೀತಾ ಬೆಳೀತಾ ಬಿಡುತ್ತಾರೆ. ಕೆಲವರು ಯಾಕೆ ಬಿಡುವುದಿಲ್ಲ?

ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳ ಚಾಳಿನಲ್ಲಿ ಒಂದು ಮನೆ, ಸಂಜೆ ಏಳು ಗಂಟೆ. ಹುಡುಗ ಮೊಬೈಲ್ ಕೇಳುತ್ತಾನೆ. ಅಮ್ಮ ಇಲ್ಲ ಅನ್ನುತ್ತಾಳೆ. ಅವನು ಕಿರುಚುತ್ತಾನೆ, ಅವಳೂ ದನಿ ಏರಿಸುತ್ತಾಳೆ. ಬಾಗಿಲಿಗೆ ಒದೆ ಬೀಳುತ್ತದೆ. ಪಕ್ಕದ ಮನೆಯ ಟಿವಿ ಸದ್ದು ತಗ್ಗುತ್ತದೆ, ಕಿವಿಗಳು ಇತ್ತ ತಿರುಗಿವೆ. "ತಗೊಂಡು ಸಾಯಿ" ಅಂತ ಮೊಬೈಲ್ ಕೈಗೆ ಬರುತ್ತದೆ. ಕೇಳಿದರೆ ಸಿಗಲ್ಲ, ಒದ್ದರೆ ಸಿಗುತ್ತದೆ ಅಂತ ಅವನು ಕಲಿತ. ಕೊಟ್ಟರೆ ಗಲಾಟೆ ನಿಲ್ಲುತ್ತದೆ ಅಂತ ಅವಳು ಕಲಿತಳು. ಅಮೆರಿಕದ ಒರೆಗಾನ್‌ನಲ್ಲಿ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಮನೆಯಲ್ಲಿ ನೋಡಿ ವಿವರಿಸಿದ ಚಕ್ರ ಇದೇ. ಚಾಳಿನಲ್ಲಿ ಗೋಡೆ ತೆಳು, ಮಾನದ ಭಯ ಜಾಸ್ತಿ. ಹಾಗಾಗಿ ಚಕ್ರ ಇನ್ನೂ ಬೇಗ ತಿರುಗುತ್ತದೆ.

ರಾತ್ರಿ ಲೋಕಲ್ ರೈಲು ಇಳಿದು ಬಂದ ಅಪ್ಪನಿಗೆ ದೂರು ಹೋಗುತ್ತದೆ, ಬೆಲ್ಟ್ ಹೊರಬರುತ್ತದೆ. "ಹೊಡೆದರೆ ಹೆದರ್ತಾನೆ, ಅಲ್ವಾ?" ಹೆದರುತ್ತಾನೆ, ಅಪ್ಪನ ಎದುರಿಗೆ ಮಾತ್ರ. 1965ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಪ್ರಕಟಿಸಿದ ಪ್ರಯೋಗದಲ್ಲಿ, ಗೊಂಬೆಗೆ ಹೊಡೆದವನಿಗೆ ಶಿಕ್ಷೆಯಾಗುವ ಚಿತ್ರ ನೋಡಿದ ಮಕ್ಕಳು ಅವನನ್ನು ಅಷ್ಟಾಗಿ ಅನುಕರಿಸಲಿಲ್ಲ. ಮಾಡಿ ತೋರಿಸಿದರೆ ಬಹುಮಾನ ಅಂದಾಗ ಅವರೂ ಶಿಕ್ಷೆಯ ಚಿತ್ರ ನೋಡದ ಉಳಿದ ಮಕ್ಕಳಷ್ಟೇ ಮಾಡಿ ತೋರಿಸಿದರು. ಕಲಿತಾಗಿತ್ತು, ಸುಮ್ನೆ ಅದುಮಿಟ್ಟಿದ್ದರು.

ಹದಿಹರೆಯದಲ್ಲಿ ಆ ಬಹುಮಾನ ಗೆಳೆಯರಿಂದ ಬರುತ್ತದೆ. ಸ್ಟೇಷನ್ ಸೇತುವೆ ಮೇಲೆ ಒಬ್ಬನ ಬ್ಯಾಗ್ ಕಿತ್ತರೆ ನಾಲ್ವರು ನಗುತ್ತಾರೆ, ಐದನೆಯವನು ವಿಡಿಯೊ ಮಾಡುತ್ತಾನೆ. ಪುಂಡ ಹುಡುಗರನ್ನೇ ಒಟ್ಟಿಗೆ ಕೂರಿಸಿ ಬುದ್ಧಿ ಹೇಳಿದರೆ ಕೆಲವೊಮ್ಮೆ ಪುಂಡಾಟ ಹೆಚ್ಚುತ್ತದೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಡಿಶನ್ ಮತ್ತು ಜೊತೆಗಾರರು 1999ರಲ್ಲೇ ಎಚ್ಚರಿಸಿದ್ದರು. ಅದಕ್ಕೇ ನಾನು ಅಂಥ ಗುಂಪು ಕಟ್ಟುವುದಿಲ್ಲ. ಕನ್ನಡ ಸಂಘದ ನಾಟಕದ ತಾಲೀಮಿಗೆ, ಬೇರೆ ಥರದ ಹುಡುಗರ ನಡುವೆ ಕಳಿಸಿ ಅನ್ನುತ್ತೇನೆ.

ಮನೆಯಲ್ಲಿ? ಕೊಡುವುದಿದ್ದರೆ ಮೊದಲ ಸಲ ಕೇಳಿದಾಗಲೇ ಕೊಡಿ. ಇಲ್ಲ ಅಂದಮೇಲೆ ಒದ್ದರೂ ಇಲ್ಲ. ಶುರುವಿನಲ್ಲಿ ಒದೆತ ಜಾಸ್ತಿಯೇ ಆಗುತ್ತದೆ, ಆಗ ಸೋತರೆ ಇನ್ನೂ ಜೋರಾಗಿ ಒದೆಯಲು ಕಲಿಸಿದಂತೆ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ: ಕೆಲವು ದಿನ ಗಲಾಟೆ ಇರುತ್ತದೆ, ಬೇಜಾರು ಮಾಡ್ಕೋಬೇಡಿ.