ಕ್ಯಾಲಿಫೋರ್ನಿಯಾದ ರಿಯಲ್ ಎಸ್ಟೇಟ್ ಲೈಸೆನ್ಸ್ ಟೆಕ್ಸಾಸಿನಲ್ಲಿ ನಡೆಯುತ್ತದಾ?

ಓದುಗರ ಪ್ರಶ್ನೆ: ನನ್ನ ಹತ್ತಿರ ಕ್ಯಾಲಿಫೋರ್ನಿಯಾದ ಸೇಲ್ಸ್‌ಪರ್ಸನ್ ಲೈಸೆನ್ಸ್ ಇದೆ. ನಮ್ಮ ಯಜಮಾನರಿಗೆ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿಗೆ ಹೋಗುತ್ತಿದ್ದೇವೆ. ಇದೇ ಲೈಸೆನ್ಸಿನಲ್ಲಿ ಅಲ್ಲೂ ಕೆಲಸ ಮಾಡಬಹುದಾ? ಇಲ್ಲದಿದ್ದರೆ ನೇರವಾಗಿ ಬ್ರೋಕರ್ ಲೈಸೆನ್ಸನ್ನೇ ತೆಗೆದುಕೊಳ್ಳಲಾ?

ಉತ್ತರ: ಮಾಡಲು ಬರುವುದಿಲ್ಲ. ಟೆಕ್ಸಾಸಿನಲ್ಲಿ ಇನ್ನೊಬ್ಬರ ಮನೆ ಮಾರಿಸಿ ಕಮಿಷನ್ ತೆಗೆದುಕೊಳ್ಳಬೇಕಾದರೆ ಟೆಕ್ಸಾಸಿನದೇ ಲೈಸೆನ್ಸ್ ಬೇಕು.

ಒಂದು ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಅಮೆರಿಕದ ಎಲ್ಲ ಕಡೆ ನಡೆಯುತ್ತದೆ, ಇದೂ ಹಾಗೇ ಇರಬೇಕು ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಆದರೆ ಮನೆ, ಜಮೀನಿನ ಏಜೆಂಟರಿಗೆ ಫೆಡರಲ್ ಸರ್ಕಾರ ಲೈಸೆನ್ಸ್ ಕೊಡುವುದೇ ಇಲ್ಲ. ಪ್ರತಿ ರಾಜ್ಯಕ್ಕೂ ಅದರದೇ ಕಾನೂನು, ಅದರದೇ ಪಾಠ, ಅದರದೇ ಪರೀಕ್ಷೆ.

ನೀವು ಕ್ಯಾಲಿಫೋರ್ನಿಯಾದಲ್ಲಿ 3 ಕೋರ್ಸ್, ಅಂದರೆ 135 ಗಂಟೆ ಓದಿದ್ದೀರಿ. 150 ಪ್ರಶ್ನೆಗಳ ಪರೀಕ್ಷೆಯಲ್ಲಿ ಶೇಕಡಾ 70 ತೆಗೆದಿದ್ದೀರಿ. ಟೆಕ್ಸಾಸಿನಲ್ಲಿ ಬೇಕಾಗುವುದು 180 ಗಂಟೆ: 30 ಗಂಟೆಯ 6 ಕೋರ್ಸ್. ಅವುಗಳಲ್ಲಿ ಒಂದು ಇಡೀ ಕೋರ್ಸ್ ಬರೀ ಕರಾರು ಫಾರಂಗಳ ಬಗ್ಗೆಯೇ ಇದೆ. ಇದು ಸುಮ್ನೆ ಇಟ್ಟಿದ್ದಲ್ಲ. ಅಲ್ಲಿ ಹೆಚ್ಚಿನ ವ್ಯವಹಾರಗಳಿಗೆ ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್ (ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ) ಹೊರತಂದಿರುವ ಫಾರಂಗಳನ್ನೇ ಬಳಸಬೇಕು. ಏಜೆಂಟರು ತಮಗೆ ತೋಚಿದಂತೆ ಕಾನೂನಿನ ಷರತ್ತು ಬರೆಯುವ ಹಾಗಿಲ್ಲ. ಯಾವ ಖಾಲಿ ಜಾಗದಲ್ಲಿ ಏನು ತುಂಬಬೇಕು ಅನ್ನುವುದು ತಪ್ಪಿದರೆ ಮನೆ ಕೊಳ್ಳುವವರ ಮುಂಗಡ ಹಣಕ್ಕೇ ಕುತ್ತು ಬರಬಹುದು. ಹಾಗಾಗಿ ಮತ್ತೆ ಓದಿಸುವುದು ಅನ್ಯಾಯ ಎಂದು ನನಗೆ ಅನ್ನಿಸುವುದಿಲ್ಲ. ನಿಮಗೆ ಬೇಸರ ಆಗುವುದು ಸಹಜ, ಆದರೂ ಓದಿ.

ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಕಾಲೇಜಿನಲ್ಲಿ ಈ ವಿಷಯ ಓದಿದ್ದರೆ ಅಂಕಪಟ್ಟಿಯನ್ನು ಟೆಕ್ಸಾಸ್ ರಿಯಲ್ ಎಸ್ಟೇಟ್ ಕಮಿಷನ್‌ಗೆ ಕಳಿಸಿ, ಯಾವ ಕೋರ್ಸಿಗೆ ವಿನಾಯಿತಿ ಸಿಗುತ್ತದೆ ಎಂದು ಬರವಣಿಗೆಯಲ್ಲೇ ಕೇಳಿ. ಕೋರ್ಸ್ ಮಾರುವವರ ಬಾಯಿಮಾತು ನಂಬಿಕೊಂಡು ಕೂರಬೇಡಿ.

ಎಲ್ಲ ರಾಜ್ಯಗಳೂ ಇಷ್ಟು ಬಿಗಿ ಅಲ್ಲ. ಕೆಲವು ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡಿವೆ. ಜಾರ್ಜಿಯಾ, ಇಲಿನಾಯ್‌ನಂಥ ರಾಜ್ಯಗಳ ಲೈಸೆನ್ಸ್ ಇದ್ದವರು ಫ್ಲೋರಿಡಾದಲ್ಲಿ ಅಲ್ಲಿನ ಕಾನೂನಿನ ಮೇಲೆ 40 ಪ್ರಶ್ನೆಗಳ ಪರೀಕ್ಷೆ ಬರೆದು 30 ಸರಿ ಮಾಡಿದರೆ ಸಾಕು. ಹೊಸಬರು 63 ಗಂಟೆ ಓದಿ 100 ಪ್ರಶ್ನೆ ಬರೆಯಬೇಕು. ಇಲ್ಲೂ ಒಂದು ಕೊಕ್ಕೆ ಇದೆ: ಫ್ಲೋರಿಡಾದ ನಿವಾಸಿ ಆದ ಮೇಲೆ ಅರ್ಜಿ ಹಾಕಿದರೆ ಈ ಅನುಕೂಲ ಸಿಗುವುದಿಲ್ಲ. ಸಾಮಾನು ಕಟ್ಟುವ ಮೊದಲೇ ವಿಚಾರಿಸಬೇಕು. ಕ್ಯಾಲಿಫೋರ್ನಿಯಾ ಮಾತ್ರ ಯಾವ ರಾಜ್ಯದ ಜೊತೆಗೂ ಇಂಥ ಒಪ್ಪಂದ ಮಾಡಿಕೊಂಡಿಲ್ಲ.

ಇನ್ನು ಬ್ರೋಕರ್ ವಿಚಾರ. ಸೇಲ್ಸ್ ಏಜೆಂಟ್ (ಕ್ಯಾಲಿಫೋರ್ನಿಯಾದಲ್ಲಿ ಸೇಲ್ಸ್‌ಪರ್ಸನ್) ಒಬ್ಬ ಬ್ರೋಕರ್ ಕೈಕೆಳಗೇ ಕೆಲಸ ಮಾಡಬೇಕು, ಕಮಿಷನ್ ಕೂಡ ಆ ಬ್ರೋಕರ್ ಮೂಲಕವೇ ಬರಬೇಕು. ಗ್ರಾಹಕರು ನೇರವಾಗಿ ಕೊಟ್ಟ ಚೆಕ್ ಇಟ್ಟುಕೊಳ್ಳುವ ಹಾಗಿಲ್ಲ. ಟೆಕ್ಸಾಸಿನಲ್ಲಂತೂ ಪರೀಕ್ಷೆ ಪಾಸಾದರೂ ಬ್ರೋಕರ್ ಒಬ್ಬರು ನಿಮ್ಮನ್ನು ಸೇರಿಸಿಕೊಳ್ಳುವ ತನಕ ಲೈಸೆನ್ಸ್ ಚಾಲ್ತಿಗೆ ಬರುವುದಿಲ್ಲ. ಬ್ರೋಕರ್ ಆಗಲು ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಕಳೆದ 5 ವರ್ಷಗಳಲ್ಲಿ 2 ವರ್ಷ ಪೂರ್ಣಾವಧಿ ಕೆಲಸ ಮಾಡಿರಬೇಕು, ಟೆಕ್ಸಾಸಿನಲ್ಲಿ 4 ವರ್ಷ. ಅದಕ್ಕೇ ಆತುರ ಬೇಡ. ಮೊದಲು ಒಳ್ಳೆಯ ಬ್ರೋಕರ್ ಜೊತೆ ಸೇರಿ, ಆ ಊರಿನ ಮಾರ್ಕೆಟ್ ಕಲಿಯಿರಿ. ಕಮಿಷನ್ನಿನಲ್ಲಿ ಯಾರಿಗೆ ಎಷ್ಟು ಪಾಲು, ತಿಂಗಳ ಖರ್ಚು ಯಾರದು ಅನ್ನುವುದನ್ನು ಸಹಿ ಹಾಕುವ ಮುಂಚೆಯೇ ಕೇಳಿಬಿಡಿ.

ವೀಸಾ ಮೇಲೆ ಇರುವವರಿಗೆ ಒಂದು ಎಚ್ಚರಿಕೆ. ಲೈಸೆನ್ಸ್ ಬೇರೆ, ಕೆಲಸ ಮಾಡುವ ಅನುಮತಿ ಬೇರೆ. ಎಚ್-1ಬಿ ವೀಸಾದವರು ತಮಗಾಗಿ ಅರ್ಜಿ ಹಾಕಿದ ಕಂಪನಿಯ ಕೆಲಸದ ಜೊತೆಗೆ ಮನೆ ಮಾರಿಸಿ ಕಮಿಷನ್ ತೆಗೆದುಕೊಂಡರೆ ವೀಸಾಗೇ ತೊಂದರೆ. ಎಚ್-4 ವೀಸಾದವರಿಗೆ, ಅಂದರೆ ಅವರ ಗಂಡ ಅಥವಾ ಹೆಂಡತಿಗೆ, ಕೆಲಸದ ಪರವಾನಗಿ ಕಾರ್ಡ್ ಕೈಯಲ್ಲಿರಬೇಕು.

ಕ್ಯಾಲಿಫೋರ್ನಿಯಾದ ನಿಮ್ಮ ಹಳೆಯ ಪರಿಚಯಸ್ಥರನ್ನು ಕಳೆದುಕೊಳ್ಳಬೇಕಾಗಿಲ್ಲ. ಅಲ್ಲಿ ಮನೆ ಹುಡುಕುತ್ತಿರುವವರನ್ನು ಅಲ್ಲಿನ ಏಜೆಂಟರಿಗೆ ಪರಿಚಯ ಮಾಡಿಕೊಟ್ಟರೆ ರೆಫರಲ್ ಹಣ ಪಡೆಯಬಹುದು. ಅದೂ ಬ್ರೋಕರ್‌ನಿಂದ ಬ್ರೋಕರ್‌ಗೆ ಹೋಗಿ, ಆಮೇಲೆ ನಿಮಗೆ ಬರುತ್ತದೆ. ಹಾಗಾಗಿ ಹಳೆಯ ಲೈಸೆನ್ಸನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ಅದರ ಅವಧಿ 4 ವರ್ಷ, ನವೀಕರಣಕ್ಕೆ 45 ಗಂಟೆಯ ಓದು ಇದೆ. ತಾರೀಖು ಮರೆತರೂ 2 ವರ್ಷದೊಳಗೆ ದಂಡ ಕಟ್ಟಿ ನವೀಕರಿಸಬಹುದು, ಆದರೆ ಆ ನಡುವೆ ಲೈಸೆನ್ಸ್ ಬೇಕಾಗುವ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ. ಆ 2 ವರ್ಷವೂ ದಾಟಿದರೆ ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.