0.35 ದೊಡ್ಡದೋ, 0.5 ದೊಡ್ಡದೋ?

ಓದುಗರ ಪ್ರಶ್ನೆ: ನನ್ನ ಮಗಳು ಐದನೇ ತರಗತಿಯಲ್ಲಿ ಓದುತ್ತಿದ್ದಾಳೆ. ಭಿನ್ನರಾಶಿಯ ಲೆಕ್ಕಗಳನ್ನು ಹೇಗೋ ಮಾಡುತ್ತಿದ್ದಳು. ದಶಮಾಂಶ ಶುರುವಾದ ಮೇಲೆ 0.5ಕ್ಕಿಂತ 0.35 ದೊಡ್ಡದು ಎಂದು ಹಟ ಹಿಡಿಯುತ್ತಾಳೆ. ತಿದ್ದಿದರೆ ಒಪ್ಪಿಕೊಳ್ಳುತ್ತಾಳೆ, ಮರುದಿನ ಮತ್ತೆ ಅದೇ ತಪ್ಪು. ಮುಂದೆ ಶೇಕಡಾ ಬೇರೆ ಬರಲಿದೆ. ದಿನಕ್ಕೆ ಎಷ್ಟು ಲೆಕ್ಕ ಮಾಡಿಸಬೇಕು, ಯಾವ ಕ್ರಮದಲ್ಲಿ ಮಾಡಿಸಬೇಕು?

ಉತ್ತರ: ಈ ತಪ್ಪು ನಿಮ್ಮ ಮಗಳೊಬ್ಬಳದಲ್ಲ, ಗಮನವಿಲ್ಲದೆ ಆಗುವ ತಪ್ಪೂ ಅಲ್ಲ. ನಾಲ್ಕು ವರ್ಷ ಪೂರ್ಣಸಂಖ್ಯೆಗಳೊಂದಿಗೇ ಒಡನಾಡಿದ ಮಗುವಿಗೆ ‘ಅಂಕಿಗಳು ಹೆಚ್ಚಿದ್ದರೆ ಸಂಖ್ಯೆ ದೊಡ್ಡದು’ ಎಂಬ ನಿಯಮ ಅಲ್ಲಿಯವರೆಗೆ ಒಮ್ಮೆಯೂ ಕೈಕೊಟ್ಟಿರುವುದಿಲ್ಲ. ಬಿಂದುವಿನ ಬಲಕ್ಕೂ ಅದೇ ನಿಯಮವನ್ನು ಹಚ್ಚಿ, ಅದು 35ನ್ನೂ 5ನ್ನೂ ಹೋಲಿಸುತ್ತದೆ. ದೊಡ್ಡವರಾದ ನಾವು 0.35ನ್ನು ‘ಪಾಯಿಂಟ್ ಮೂವತ್ತೈದು’ ಎಂದು ಓದಿ ಆ ತಪ್ಪಿಗೆ ನೀರೆರೆಯುತ್ತೇವೆ. ಮೂವತ್ತೈದು ಎಂದು ಕಿವಿಗೆ ಬಿದ್ದ ಮೇಲೆ ಐದು ದೊಡ್ಡದಾಗುವುದು ಹೇಗೆ? ಆದ್ದರಿಂದ ಮೊದಲ ತಿದ್ದುಪಡಿ ಮನೆಯವರ ಬಾಯಲ್ಲೇ ಆಗಬೇಕು: ‘ಸೊನ್ನೆ ಬಿಂದು ಮೂರು ಐದು’ ಎಂದು ಬಿಡಿಬಿಡಿಯಾಗಿ ಓದಿ, ಅಥವಾ ಇನ್ನೂ ಒಳ್ಳೆಯದೆಂದರೆ ‘ನೂರರಲ್ಲಿ ಮೂವತ್ತೈದು’ ಎನ್ನಿ. 0.5 ಆಗ ‘ಹತ್ತರಲ್ಲಿ ಐದು’ ಆಗುತ್ತದೆ. ಬಿಂದು ಬರೆದಾಗ ಕಣ್ಣಿಗೆ ಕಾಣದಂತಾಗುವುದು ಛೇದ, ಅಂದರೆ ಭಿನ್ನರಾಶಿಯಲ್ಲಿ ಗೆರೆಯ ಕೆಳಗಿನ ಸಂಖ್ಯೆ. ಹೀಗೆ ಓದಿದಾಗ ಅದು ಮತ್ತೆ ಕೇಳಿಸುತ್ತದೆ.

ಭಿನ್ನರಾಶಿಯನ್ನು ಓದುವ ರೀತಿಗೂ ಈ ಮಾತು ಸಲ್ಲುತ್ತದೆ. ‘ಮೂರನೇ ಎರಡರಷ್ಟು ಬಹುಮತ’ ಎಂದು ನಾವು ವಾರ್ತೆಗಳಲ್ಲಿ ಕೇಳುತ್ತೇವೆ. ಕನ್ನಡದಲ್ಲಿ ಎಷ್ಟು ಪಾಲು ಮಾಡಿದ್ದೇವೆ ಎಂಬುದು ಮೊದಲು ಬರುತ್ತದೆ, ಅದರಲ್ಲಿ ಎಷ್ಟು ತೆಗೆದುಕೊಂಡೆವು ಎಂಬುದು ಆಮೇಲೆ. ರೊಟ್ಟಿ ಹಂಚುವಾಗ ಕೈ ನಡೆಯುವ ಕ್ರಮವೂ ಇದೇ. ‘ಟೂ ಬೈ ತ್ರೀ’ ಎಂದು ಓದುವ ಮಗುವಿಗೆ ಕೇಳಿಸುವುದು ಒಂದರ ಮೇಲೊಂದು ಕುಳಿತ ಎರಡು ಸಂಖ್ಯೆಗಳು ಮಾತ್ರ. ಯಾವ ಮಾಧ್ಯಮದ ಶಾಲೆಗೇ ಹೋಗಲಿ, ಮನೆಯಲ್ಲಿ ‘ಮೂರನೇ ಎರಡು’ ಎಂದೇ ಹೇಳಿಸಿ. ಕಾಲು, ಅರೆ, ಮುಕ್ಕಾಲು, ಅರೆಕಾಲು ಎಂಬ ಮಾತುಗಳನ್ನೂ ಬಿಡಬೇಡಿ. ಹಿಂದಿನವರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೇ ಬಾಯಿಪಾಠ ಮಾಡುತ್ತಿದ್ದರು.

ಅಭ್ಯಾಸಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಮೂರು ಜೋಡಿ ಬರೆದುಕೊಟ್ಟು ದೊಡ್ಡದು ಯಾವುದೆಂದು ಕೇಳಿ: 0.5 ಮತ್ತು 0.35, 0.3 ಮತ್ತು 0.48, 0.4 ಮತ್ತು 0.40. ‘ಉದ್ದ ಇದ್ದದ್ದು ದೊಡ್ಡದು’ ಎನ್ನುವ ಮಗು ಮೊದಲನೆಯದರಲ್ಲಿ ಎಡವುತ್ತದೆ, ಎರಡನೆಯದನ್ನು ಸರಿಯಾಗಿ ಹೇಳುತ್ತದೆ. ಇದಕ್ಕೆ ವಿರುದ್ಧವಾಗಿ ಎಡವುವ ಮಕ್ಕಳೂ ಇದ್ದಾರೆ. ಹತ್ತನೇ ಒಂದಕ್ಕಿಂತ ನೂರನೇ ಒಂದು ಚಿಕ್ಕದು ಎಂದು ಪಾಠದಲ್ಲಿ ಕೇಳಿ, ಎರಡು ಸ್ಥಾನಗಳಿದ್ದರೆ ಸಂಖ್ಯೆಯೇ ಚಿಕ್ಕದು ಎಂದುಕೊಂಡ ಮಗು 0.48ಕ್ಕಿಂತ 0.3 ದೊಡ್ಡದು ಎನ್ನುತ್ತದೆ. ಅದು ಮೊದಲ ಜೋಡಿಗೆ ಸರಿಯುತ್ತರ ಕೊಡುವುದರಿಂದ ಅದರ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಉತ್ತರದ ಜೊತೆಗೆ ‘ಯಾಕೆ?’ ಎಂದು ಕೇಳದೆ ಇಂಥ ಲೆಕ್ಕಕ್ಕೆ ಸರಿ ಗುರುತು ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

‘ಕೊನೆಗೆ ಸೊನ್ನೆ ಹಾಕಿ ಸಮ ಮಾಡಿಕೊಂಡು ಹೋಲಿಸು’ ಎಂಬ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. 0.50 ಮತ್ತು 0.35 ಎಂದು ಬರೆದರೆ ಉತ್ತರವೇನೋ ಸರಿ ಬರುತ್ತದೆ, ಆದರೆ ಆ ಸೊನ್ನೆ ಎಲ್ಲಿಂದ ಬಂತು, ಹಾಕಿದರೂ ಬೆಲೆ ಏಕೆ ಬದಲಾಗಲಿಲ್ಲ ಎಂಬುದು ತಿಳಿಯದೆ ಹೋದರೆ, ಮಗು ಮತ್ತೆ ಪೂರ್ಣಸಂಖ್ಯೆಗಳನ್ನೇ ಹೋಲಿಸಿದಂತಾಯಿತು. ಮರುದಿನ ಸೊನ್ನೆ ಹಾಕುವುದು ಮರೆತರೆ ಹಳೆಯ ತಪ್ಪು ತಿರುಗಿ ಬರುವುದು ಅದಕ್ಕೇ.

ಆ ಸೊನ್ನೆಗೆ ಅರ್ಥ ಬರುವ ಜಾಗ ನಿಮ್ಮ ಬೀದಿಯ ತರಕಾರಿ ಅಂಗಡಿಯಲ್ಲೇ ಇದೆ. ಎಲೆಕ್ಟ್ರಾನಿಕ್ ತಕ್ಕಡಿಯ ಮುಂದೆ ಮಗುವನ್ನು ನಿಲ್ಲಿಸಿ. ಮೊದಲು ಪರದೆಯ ಮೇಲೆ 0.000 ಇರುತ್ತದೆ. ಅಂಗಡಿಯವರು ಒಂದು ಹಿಡಿ ಹುರುಳಿಕಾಯಿ ಹಾಕಿದಾಗ 0.120 ಆಗುತ್ತದೆ, ಇನ್ನೊಂದು ಹಿಡಿಗೆ 0.265, ಮತ್ತೊಂದಕ್ಕೆ 0.350. ಇಲ್ಲಿ ನಿಲ್ಲಿಸಲು ಹೇಳಿ, ಅರ್ಧ ಕೆಜಿ ಆಯಿತೇ ಎಂದು ಮಗುವನ್ನು ಕೇಳಿ. ಆಗಿಲ್ಲವೆಂಬುದು ತಟ್ಟೆ ನೋಡಿದರೇ ತಿಳಿಯುತ್ತದೆ. ಇನ್ನೂ ಒಂದೂವರೆ ನೂರು ಗ್ರಾಂ ಬಿದ್ದ ಮೇಲಷ್ಟೇ 0.500 ಬರುತ್ತದೆ. ಬಿಂದುವಿನ ಪಕ್ಕದ ಅಂಕಿ ಒಂದರಷ್ಟು ಏರಿದರೆ ನೂರು ಗ್ರಾಂ, ಅದರ ಬಲಕ್ಕಿರುವುದು ಏರಿದರೆ ಹತ್ತು ಗ್ರಾಂ, ಅದರಾಚೆಯದು ಏರಿದರೆ ಒಂದು ಗ್ರಾಂ. ನಂತರ ಐವತ್ತು ಗ್ರಾಂ ಶುಂಠಿ ತೂಗಿಸಿ, 0.050 ಎಂಬುದನ್ನು ತೋರಿಸಿ. ಅದೇ ಐದು, ಜಾಗ ಮಾತ್ರ ಬೇರೆ. ಅರ್ಧ ಕೆಜಿ ಹುರುಳಿಕಾಯಿಯ ಹತ್ತನೇ ಒಂದು ತೂಕ. ಮಗುವಿನ ಮನಸ್ಸಿನಲ್ಲಿ ಸ್ಥಾನಬೆಲೆ ಕೂರಲು ಇದಕ್ಕಿಂತ ಒಳ್ಳೆಯ ಪಾಠೋಪಕರಣ ನನಗೆ ತೋಚುವುದಿಲ್ಲ.

ಹಣದಿಂದಲೂ ಕಲಿಸಬಹುದು, ಆದರೆ ಅದಕ್ಕೆ ಹಿಂದಿನ ಬಲವಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯ ಪದ್ಧತಿ ಜಾರಿಗೆ ಬಂದಿತು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ. ನಾಲ್ಕಾಣೆ ಎಂದರೆ ಕಾಲು ರೂಪಾಯಿ, ಎಂಟಾಣೆ ಎಂದರೆ ಅರ್ಧ. ಪದ್ಧತಿ ಬದಲಾದ ಮೇಲೂ ಜನ 25 ಪೈಸೆಯನ್ನು ನಾಲ್ಕಾಣೆ ಎಂದೇ ಕರೆದದ್ದರಿಂದ, ಹದಿನಾರರಲ್ಲಿ ನಾಲ್ಕು, ನೂರರಲ್ಲಿ ಇಪ್ಪತ್ತೈದು, ಕಾಲು ಈ ಮೂರೂ ಒಂದೇ ನಾಣ್ಯದಲ್ಲಿ ಕೂಡಿಕೊಂಡಿದ್ದವು. ಆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಪೈಸೆಯನ್ನು ಕೈಯಲ್ಲಿ ಹಿಡಿದೇ ನೋಡದ ಮಗುವಿಗೆ ‘ಮೂವತ್ತೈದು ಪೈಸೆ’ ಎಂದರೆ ಅದೂ ಪುಸ್ತಕದ ಮಾತೇ. ದರ್ಜಿಯ ಟೇಪಾದರೂ ವಾಸಿ. ನೂರು ಸೆಂಟಿಮೀಟರ್ ಅದರ ಮೇಲೆ ಕಾಣುತ್ತದೆ.

ಹೊರಗೆ ಕಾಣುವ ಬಿಂದುಗಳೆಲ್ಲವೂ ದಶಮಾಂಶ ಬಿಂದುಗಳಲ್ಲ ಎಂಬ ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಮಕ್ಕಳ ಗೊಂದಲದ ಒಂದು ಪಾಲು ಇಲ್ಲಿಂದಲೇ ಬರುತ್ತದೆ. ಕ್ರಿಕೆಟ್‌ನಲ್ಲಿ 4.3 ಓವರ್ ಎಂದರೆ ನಾಲ್ಕು ಓವರ್ ಮೇಲೆ ಮೂರು ಚೆಂಡು. ಓವರಿಗೆ ಆರು ಚೆಂಡಾದ್ದರಿಂದ ಅದು ನಿಜವಾಗಿ 4.5 ಓವರ್. ಅಷ್ಟರಲ್ಲಿ 36 ರನ್ ಬಂದಿದ್ದರೆ ರನ್ ರೇಟ್ ಸರಿಯಾಗಿ 8, 36ನ್ನು 4.3ರಿಂದ ಭಾಗಿಸಿದ ಹುಡುಗನಿಗೆ ಅದು 8.37 ಎಂದು ಬರುತ್ತದೆ, ಟಿವಿ ತಪ್ಪು ತೋರಿಸುತ್ತಿದೆ ಎಂದು ಅವನು ವಾದಿಸಿದರೂ ಆಶ್ಚರ್ಯವಿಲ್ಲ. ಎತ್ತರ 5.6 ಅಡಿ ಎಂದು ಬರೆದಾಗ ಅದು ಸಾಮಾನ್ಯವಾಗಿ ಐದಡಿ ಆರಂಗುಲ, ಅಂದರೆ ಐದೂವರೆ ಅಡಿ. ನಮ್ಮಲ್ಲಿ ಜಮೀನಿನ ವಿಸ್ತೀರ್ಣವನ್ನು 2.20 ಎಂದು ಬರೆದರೆ ಎರಡು ಎಕರೆ ಇಪ್ಪತ್ತು ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಅದನ್ನೇ ದಶಮಾಂಶವೆಂದು ಓದಿದರೆ ಎರಡು ಎಕರೆ ಎಂಟು ಗುಂಟೆಯಾಗಿ, ಹನ್ನೆರಡು ಗುಂಟೆ ಜಮೀನು ಕಾಗದದ ಮೇಲೆಯೇ ಮಾಯವಾಗುತ್ತದೆ! ಇಂಥ ಬಿಂದುಗಳನ್ನು ಮಗುವೇ ಹುಡುಕಿ ತಂದು, ಒಂದೊಂದಕ್ಕೂ ‘ಇಲ್ಲಿ ಛೇದ ಯಾವುದು? ಆರೋ, ಹನ್ನೆರಡೋ, ನಲವತ್ತೋ, ಹತ್ತೋ?’ ಎಂದು ಉತ್ತರಿಸಲಿ.

ಭಿನ್ನರಾಶಿಗಳನ್ನು ಕೂಡುವಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡುವ ತಪ್ಪಿಗೂ ಇಂಥದೇ ಒಂದು ಮೂಲವಿದೆ. 25ಕ್ಕೆ 18, 20ಕ್ಕೆ 15 ಅಂಕ ಬಂದರೆ ಪ್ರಗತಿಪತ್ರದಲ್ಲಿ ಒಟ್ಟು 33/45 ಎಂದು ಬರೆದಿರುತ್ತಾರೆ, ಅದು ಸರಿಯೂ ಹೌದು. ಅಲ್ಲಿ ಎರಡು ಪರೀಕ್ಷೆಗಳು ಸೇರಿ ಒಂದು ದೊಡ್ಡ ಪರೀಕ್ಷೆಯಾಗುತ್ತದೆ, ಪೂರ್ಣವೇ ಬೆಳೆಯುತ್ತದೆ. ಅರ್ಧ ರೊಟ್ಟಿಗೆ ಮೂರನೇ ಒಂದು ರೊಟ್ಟಿ ಸೇರಿಸುವಾಗ ಮಾತ್ರ ಅಳತೆಯ ಪೂರ್ಣ ಬದಲಾಗುವುದಿಲ್ಲ. ಅದು ಒಂದು ರೊಟ್ಟಿಯೇ. ಉತ್ತರ 2/5 ಎಂದು ಬರೆದ ಮಗುವಿಗೆ ‘ಅರ್ಧ ತಿಂದ ಮೇಲೆ ಇನ್ನಷ್ಟು ತಿಂದೆ, ಒಟ್ಟು ಅರ್ಧಕ್ಕಿಂತ ಕಡಿಮೆ ಆಯಿತೇ?’ ಎಂದು ಕೇಳಿದರೆ, ಲ.ಸಾ.ಅ. (ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಏಕೆ ಬೇಕೆಂದು ಹೇಳಲು ನೆಲ ಹದವಾಗುತ್ತದೆ.

ಶೇಕಡಾದ ಬಗ್ಗೆ ಈಗಲೇ ಚಿಂತಿಸಬೇಕಿಲ್ಲ. ಅದು ಛೇದವನ್ನು ನೂರಕ್ಕೆ ಕಟ್ಟಿಹಾಕಿದ ಭಿನ್ನರಾಶಿ, ಅಷ್ಟೇ. ಮೇಲಿನ ಅಂಕಗಳನ್ನೇ ತೆಗೆದುಕೊಂಡರೆ, 18/25 ಶೇಕಡಾ 72, 15/20 ಶೇಕಡಾ 75; ಹೋಲಿಸಲಾಗದ ಎರಡನ್ನು ಹೋಲಿಸುವಂತೆ ಮಾಡುವುದೇ ಅದರ ಕೆಲಸ. ಮಗು ‘ಶೇಕಡಾ 20’ ಎಂದಾಗಲೆಲ್ಲ ‘ಯಾವುದರ?’ ಎಂದು ಕೇಳುವ ಅಭ್ಯಾಸವೊಂದನ್ನು ಇಟ್ಟುಕೊಳ್ಳಿ. 500 ರೂಪಾಯಿಯ ಅಂಗಿಯ ಬೆಲೆಯನ್ನು ಶೇಕಡಾ 20 ಇಳಿಸಿ, ಮತ್ತೆ ಶೇಕಡಾ 20 ಏರಿಸಿದರೆ 480 ಆಗುತ್ತದೆಯೇ ಹೊರತು 500 ಆಗುವುದಿಲ್ಲ, ಏಕೆಂದರೆ ಎರಡನೆಯ ಇಪ್ಪತ್ತು 400ರ ಮೇಲಿನದು.

ಇನ್ನು ದಿನಕ್ಕೆ ಎಷ್ಟು ಎಂಬ ಪ್ರಶ್ನೆ. ಹದಿನೈದು ನಿಮಿಷ, ಐದಾರು ಲೆಕ್ಕ ಸಾಕು. ಹೆಚ್ಚಿನವು ಬಾಯಿಲೆಕ್ಕವೇ ಆಗಿರಲಿ. ಮೊದಲ ವಾರ ಬರೀ ಹೋಲಿಕೆ, ಸಂಕಲನ ಬೇಡ. ಸೊನ್ನೆಯಿಂದ ಒಂದರವರೆಗೆ ಸಂಖ್ಯಾರೇಖೆ ಎಳೆದು, ಕಾಲು, 0.35, 0.5, ಐದನೇ ಮೂರು, ಮುಕ್ಕಾಲು ಎಲ್ಲವನ್ನೂ ಅದೊಂದರ ಮೇಲೆಯೇ ಗುರುತಿಸಲಿ. ಎರಡನೇ ವಾರದಿಂದ ಕಾಲು, 1/4, 0.25, ನೂರಕ್ಕೆ 25 ಎಂಬ ಸಾಲುಗಳ ಕೋಷ್ಟಕ ಮಾಡಿ, ಪ್ರತಿ ಸಾಲಿನಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಿ ಕೇಳಿ. ಹತ್ತನೇ ಒಂದು, ಐದನೇ ಒಂದು, ಕಾಲು, ಅರ್ಧ, ಮುಕ್ಕಾಲು ಇಷ್ಟು ಸಲೀಸಾದ ಮೇಲೆ ಎಂಟನೇ ಒಂದು, ಅಂದರೆ 0.125. ಮೂರನೇ ಒಂದನ್ನು ಕೊನೆಗೆ ಇಟ್ಟುಕೊಳ್ಳಿ. ಭಾಗಿಸಿದಷ್ಟೂ ಮೂರು ಬರುತ್ತಲೇ ಇರುವುದನ್ನು ಕಂಡು ಮಗು ತಾನೇ ಪ್ರಶ್ನೆ ಕೇಳುತ್ತದೆ.

ಆಗಾಗ ಮಧ್ಯೆ ಒಂದು ಪ್ರಶ್ನೆ ಎಸೆಯುತ್ತಿರಿ: 0.3 ಮತ್ತು 0.4ರ ನಡುವೆ ಯಾವ ಸಂಖ್ಯೆ ಇದೆ? ಮೊದಮೊದಲು ‘ಯಾವುದೂ ಇಲ್ಲ’ ಎಂಬ ಉತ್ತರ ಬರಬಹುದು. ಒಂದು ದಿನ ನಿಮ್ಮ ಮಗಳೇ 0.35 ಎನ್ನುತ್ತಾಳೆ. ಆಗ 0.35 ಮತ್ತು 0.36ರ ನಡುವೆ ಯಾವುದಿದೆ ಎಂದು ಕೇಳಿ.